ಕಲ್ಲುಗುಡ್ಡೆ ಮದುವೆಯ ಪಾಯಸ

ಸಾರ್ಜೆಂಟ್ ಶೇಷಪ್ಪನಿಗೆ ಕಾಡೆಂದರೆ ಅಸಡ್ಡೆ. ಕಾಡಿನ ಮಗ್ಗುಲಲ್ಲಿ ಬದುಕುವವರೆಂದರೆ ಇನ್ನೂ ಅಸಡ್ಡೆ. ತಾನೇ ತೀರ್ಥಹಳ್ಳಿ ಕಡೆಯ ಗೌಡರ ಮನೆಯಲ್ಲಿ ಹುಟ್ಟಿದವನು ಎಂಬುದನ್ನು ವಾಯುಸೇನೆ ಸೇರಿದ ಮೇಲೆ ಅವನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದ. ಡಕೋಟಾ ವಿಮಾನದಲ್ಲಿ ರೇಡಿಯೋ ಮುಂದೆ ಕೂತು ಮೋಡದ ಮೇಲಿಂದ ನೆಲ ನೋಡಿ ರೂಢಿಯಾದವನಿಗೆ, ನೆಲದ ಮೇಲೆ ನಡೆಯುವವರೆಲ್ಲ ಇರುವೆಗಳ ಹಾಗೆ ಕಂಡರೆ ಅದರಲ್ಲಿ ಅಚ್ಚರಿಯೇನಿಲ್ಲ.

ಚೀನಾ ಯುದ್ಧ ಮುಗಿದ ಮರುವರ್ಷ ಹೊಸ ಆಜ್ಞೆ ಬಂತು. ವಿಮಾನ ಬಿದ್ದರೆ ಕಾಡಿನಲ್ಲಿ ಜೀವ ಹಿಡಿದುಕೊಂಡು, ಶತ್ರುವಿನ ಕೈಗೆ ಸಿಗದೆ ಹೊರಬರುವುದನ್ನು ಹಾರುವವರೆಲ್ಲ ಕಲಿಯಬೇಕು. ಸಿಕ್ಕಿಬಿದ್ದರೂ ಹೆಸರು, ದರ್ಜೆ, ನಂಬರು ಬಿಟ್ಟು ಬೇರೇನೂ ಹೇಳಕೂಡದು. ಹೇಳಿದವನು ಮತ್ತೆ ವಿಮಾನ ಹತ್ತುವಂತಿಲ್ಲ. ಉಗ್ರಾಣದಲ್ಲಿ ಕಂಬಳಿ ಮಡಿಸಿಕೊಂಡು ಇರಬೇಕು. ತರಬೇತಿಗೆ ಆರಿಸಿದ್ದು ನಗರವೆಂಬ ಊರಿನಿಂದ ಹೊಸನಗರದ ತನಕದ ಕಾಡು. ಶತ್ರುಗಳು ಯಾರೆಂದರೆ ಆ ಊರುಗಳವರೇ. ‘ಕಾಡಲ್ಲಿ ಹಸಿರು ಮೇಲಂಗಿಯವರು ಕಂಡರೆ ಹಿಡಿದು ಕೂರಿಸಿ, ಹೊಡೆಯಬೇಡಿ, ಏನು ಬೇಕಾದರೂ ಕೇಳಿ, ಜೀಪು ಬರುತ್ತದೆ’ ಎಂದು ಪಟೇಲರು ಮನೆಮನೆಗೆ ಹೇಳಿಕಳಿಸಿದ್ದರು.

ಶೇಷಪ್ಪನ ಜೊತೆಗೆ ಹಾಕಿದ್ದು ಸೇಠಿ ಎಂಬ ಪಂಜಾಬಿ ಪೈಲಟ್ಟನನ್ನು. ಎರಡು ದಿನ ಕಾಡುಗೆಣಸು ತಿಂದು ಮುಖ ಸಣ್ಣಗಾಗಿದ್ದ ಅವನು, ಹಳ್ಳದ ಪೊದೆಗಳಲ್ಲಿ ಮರೆಯಾಗಿ ಹೋಗೋಣ ಎಂದ.

“ದನದ ದಾರಿಯಲ್ಲೇ ಹೋಗೋಣ ಸಾಬ್. ಇಲ್ಲಿನ ಜನಕ್ಕೆ ತಮ್ಮ ಎಮ್ಮೆಯ ಬಾಲದಿಂದಾಚೆ ಕಣ್ಣು ಕಾಣುವುದಿಲ್ಲ” ಎಂದ ಶೇಷಪ್ಪ, ಹಿಂದಿಯಲ್ಲಿ.

ದನದ ದಾರಿಯ ಮೊದಲ ತಿರುವಿನಲ್ಲೇ ಹೂವಪ್ಪಗೌಡ ಎಂಬವನೂ ಅವನ ಆಳುಗಳೂ ಎದುರಾದರು. ಓಡುವುದಕ್ಕೆ ಇಬ್ಬರ ಕಾಲಲ್ಲೂ ಕಸುವಿರಲಿಲ್ಲ. ಹೂವಪ್ಪ ಅವರನ್ನು ತನ್ನ ಮನೆಯ ಕಣಕ್ಕೆ ತಂದು ಹುಲ್ಲಿನ ಗೊಣಬೆಗೆ ಒರಗಿಸಿ ಕೂರಿಸಿದ. ಸೇಠಿ ಹೆಸರು, ದರ್ಜೆ, ನಂಬರು ಒಪ್ಪಿಸಿ ಸುಮ್ಮನಾದ. ಹೆಸರು ಹೇಳಿದರೆ ಕನ್ನಡದವನೆಂದು ತಿಳಿದೀತೆಂದು ಶೇಷಪ್ಪ ಅದನ್ನೂ ನುಂಗಿ, ದರ್ಜೆ ಮತ್ತು ನಂಬರನ್ನು ಹಿಂದಿಯಲ್ಲಿ ಉದುರಿಸಿದ. ಈ ಗೊಬ್ಬರದ ಕೈಯವರು ತನ್ನ ಬಾಯಿ ಬಿಡಿಸುವುದುಂಟೇ ಎಂದು ಒಳಗೇ ನಗು ಬಂತು.

ಹೂವಪ್ಪನ ತಾಯಿ ಬೆಳ್ಳಮ್ಮ ಎಲೆಯಡಿಕೆ ಮೆಲ್ಲುತ್ತ ಹೊರಗೆ ಬಂದರು. ಹಿಂದೆ ಸೊಸೆ ಜಲಜಮ್ಮ.

“ಎಂಥದಾ ಇದು? ಕಾಡಿಂದ ಹಂದಿ ತರ್ತಾನೆ ಮಗ ಅಂತ ಕಾಯ್ತಿದ್ರೆ, ಇಂಥವನ್ನ ಹೊಡ್ಕೊಂಡು ಬಂದೀಯಲ್ಲ.”

“ವಿಮಾನ ಬಿಡೋರಂತೆ ಅಮ್ಮ. ಕನ್ನಡ ಬರೂದಿಲ್ಲ.”

ಬೆಳ್ಳಮ್ಮ ಸೇಠಿಯನ್ನು ಒಂದು ಸಲ ನೋಡಿದರು. ಶೇಷಪ್ಪನನ್ನು ಮಾತ್ರ ಕೊಳ್ಳಲಿರುವ ಹೋರಿಯನ್ನು ನೋಡುವ ಹಾಗೆ ಆ ಕಡೆಯಿಂದ ಈ ಕಡೆಯಿಂದ ನೋಡಿದರು. ಅವನ ಮೂಗಿನ ಮೇಲೆ ಕಣ್ಣು ತುಸು ಹೊತ್ತು ನಿಂತಿತು. ಆಮೇಲೆ ಅವನಿಗೆ ಬೆನ್ನು ಹಾಕಿ ಜಗಲಿಯ ಮೇಲೆ ಕೂತರು.

“ಜಲಜಾ, ತೀರ್ಥಹಳ್ಳಿ ಕಡೆ ಕಲ್ಲುಗುಡ್ಡೆ ಧರ್ಮಪ್ಪಗೌಡ್ರ ಮನೆ ಮದುವೆಗೆ ನಾವು ದಿಬ್ಬಣ ಹೋಗಿದ್ದು ಹೇಳಿದ್ನೇನೇ?”

ಶೇಷಪ್ಪನ ಕಿವಿ ನೆಟ್ಟಗಾಯಿತು. ಅದು ಅವನ ಅಪ್ಪನ ಮನೆ. ಮದುವೆ ಅವನ ತಂಗಿಯದು.

“ಇಲ್ಲ ಅತ್ತೆಮ್ಮ.”

“ಹೇಳೂಕೆ ಎಂಥ ಇದೆ. ಹೆಸರು ದೊಡ್ಡದು, ಹಂಡೆ ಸಣ್ಣದು. ಕೊನೇ ಪಂಕ್ತಿಗೆ ಪಾಯಸವೇ ಇಲ್ಲ. ನನ್ನ ಎಲೆಗೆ ಬಿದ್ದಿದ್ದು ಸೌಟು ತೊಳೆದ ನೀರು.”

“ಮನೆ ಗಂಡಸ್ರು ಎಲ್ಲಿದ್ರು?”

“ಅಟ್ಟದ ಮೇಲೆ. ಬೀಗರು ಕೇಳ್ತಾರೆ ಅಂತ ಅಡಗಿ ಕೂತಿದ್ರು. ಒಬ್ಬ ಮಗ ಯಾವುದೋ ಚಾಕರಿಗೆ ಓಡಿಹೋಗಿದ್ದಾನಂತೆ. ಪಾಪ, ಅಲ್ಲಾದ್ರೂ ಹೊಟ್ಟೆ ತುಂಬ ಅನ್ನ ಸಿಗ್ಲಿ ಅಂತ.”

ಆ ಮದುವೆಗೆ ಶೇಷಪ್ಪ ಹೋಗಿರಲಿಲ್ಲ. ಹಳ್ಳಿ ಮದುವೆಯ ಗಲಾಟೆ ಯಾರಿಗೆ ಬೇಕೆಂದು ರಜೆಯನ್ನೇ ಕೇಳಿರಲಿಲ್ಲ; ಸುದ್ದಿಯೆಲ್ಲ ಅಪ್ಪನ ಕಾಗದದಲ್ಲಿ ಬಂದಿತ್ತು. ಆದರೂ ಗೊಣಬೆ ಬಿಟ್ಟು ನೆಟ್ಟಗೆ ಕೂತ.

“ಸುಳ್ಳು” ಎಂದ, ಅಚ್ಚ ಕನ್ನಡದಲ್ಲಿ. “ಎರಡು ಗಾಡಿ ಜನ ಅಂತ ಹೇಳಿಕಳ್ಸಿ ಐದು ಗಾಡಿ ಬಂದೋರು ನೀವು. ಅಟ್ಟದ ಮೇಲೆ ಕೂರೂಕೆ ನಮ್ಮಪ್ಪ ಹೆಗ್ಗಣನಾ? ಜೋರ್ಹಾಟಿಂದ ದಿನಾ ಬೆಳಿಗ್ಗೆ ಡಕೋಟಾದಲ್ಲಿ ಅಕ್ಕಿಮೂಟೆ ಹೊತ್ತು, ಹಿಮಾಲಯದ ನೆತ್ತಿ ಮೇಲಿರೋ ನಮ್ಮ ಸಿಪಾಯಿಗಳಿಗೆಲ್ಲ ಉದುರಿಸಿ ಬರೋನು ನಾನು. ದೇಶಕ್ಕೇ ಅನ್ನ ಹಾಕೋ ಮನೆ ನಿಮಗೊಂದು ಸೌಟು ಪಾಯಸಕ್ಕೆ ಬಡವಾಯ್ತಾ?”

ಸೇಠಿಗೆ ಕನ್ನಡ ತಿಳಿಯದು; ಆದರೆ ಜೋರ್ಹಾಟ್, ಡಕೋಟಾ, ಹಿಮಾಲಯ ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಅವನು ಹಣೆ ಹಿಡಿದುಕೊಂಡು ಕಣ್ಣು ಮುಚ್ಚಿದ.

ಬೆಳ್ಳಮ್ಮ ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡರು. “ಮೂಗು ಕಂಡಾಗ್ಲೇ ಧರ್ಮಪ್ಪಗೌಡ್ರ ಅಚ್ಚು ಅಂದ್ಕೊಂಡೆ. ಜಲಜಾ, ಇಬ್ಬರಿಗೂ ಮಜ್ಜಿಗೆ ಕೊಡು.”

ಮಜ್ಜಿಗೆಯ ಚೊಂಬು ಕೈಗೆ ಬಂದಾಗ ಶೇಷಪ್ಪನಿಗೆ ತಾನು ಆಡಿದ್ದೇನೆಂದು ತಿಳಿಯಿತು. “ಅತ್ತೆ, ಜೀಪಿನವರ ಹತ್ರ ಹೇಳಬೇಡಿ. ಹೇಳಿದ್ರೆ ನನ್ನ ವಿಮಾನದಿಂದ ಇಳಿಸಿಬಿಡ್ತಾರೆ.”

“ಈಗ ಅತ್ತೆ ಆದ್ನಾ? ಆಗ್ಲಿಂದ ನಮ್ಮನ್ನ ಕೊಟ್ಟಿಗೆ ದನ ನೋಡ್ದಂಗೆ ನೋಡ್ತಿದ್ದೆ.”

ಜೀಪು ಬಂತು. ಇಳಿದವರು ತರಬೇತಿಯ ವಾರಂಟ್ ಆಫೀಸರ್ ಪಿಂಟೊ, ಮಂಗಳೂರಿನವರು. “ಇವರು ಎಂತಾದರೂ ಬಾಯಿಬಿಟ್ಟರಾ ಅಮ್ಮಾ?” ಎಂದು ಕೇಳಿದರು.

“ಆ ಬಿಳೀ ಹುಡುಗ ತುಟಿ ಬಿಚ್ಚಲಿಲ್ಲ. ಅವನನ್ನ ಇಟ್ಕೊಳ್ಳಿ. ಈ ಧರ್ಮಪ್ಪಗೌಡ್ರ ಮಗ ಇದ್ದಾನಲ್ಲ, ಜೋರ್ಹಾಟಂತೆ, ಡಕೋಟವಂತೆ, ಅಕ್ಕಿಯಂತೆ. ನಾನು ಅಂದಿದ್ದು ಪಾಯಸದ ಮಾತು, ಇವ ಕೊಟ್ಟಿದ್ದು ಹಿಮಾಲಯ. ಒಂದು ಸೌಟಿಗೇ ಇಷ್ಟು ಕಕ್ಕಿದೋನು, ಚೀನಾದೋನು ಕೈ ತಿರುಚಿದ್ರೆ ಎಂಥ ಉಳಿಸ್ತಾನೆ?”

ಪಿಂಟೊ ತಿರುಗಿದರು. “ಹೌದಾ, ಸಾರ್ಜೆಂಟ್?”

ಇಲ್ಲ ಎಂದಿದ್ದರೆ ಸಾಕಿತ್ತು. ಹಳ್ಳಿ ಹೆಂಗಸಿನ ಮಾತು ಒಂದು ಕಡೆ, ಸಮವಸ್ತ್ರದವನ ಮಾತು ಇನ್ನೊಂದು ಕಡೆ. ಪಿಂಟೊ ಯಾವುದನ್ನು ನಂಬುತ್ತಿದ್ದರೆಂಬುದು ಶೇಷಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಬಾಯಿ ತೆರೆದ.

“ಐದು ಗಾಡಿ ಬಂದಿದ್ದು ನಿಜ ಸರ್.”

ಪಿಂಟೊ ಜೀಪಿನ ಹಿಂಬದಿ ತೋರಿಸಿದರು.

“ನಾಲ್ಕೇ” ಎಂದರು ಬೆಳ್ಳಮ್ಮ ಜಗಲಿಯಿಂದ.

ಉತ್ತರ ಕೊಡಲು ಶೇಷಪ್ಪ ತಿರುಗುವಷ್ಟರಲ್ಲಿ, ಆಗಲೇ ಜೀಪು ಹತ್ತಿದ್ದ ಸೇಠಿ ಅವನ ಕುತ್ತಿಗೆಪಟ್ಟಿ ಹಿಡಿದು ಒಳಗೆಳೆದುಕೊಂಡ.