ಫ್ರಿಡು, ಕೋಬಿ ಮತ್ತು ಒಂದೇ ಬಾಗಿಲಿನ ಮನೆ

ವೆರ್ನರ್ ತನ್ನ ಪ್ರೀತಿಯನ್ನು ಹೇಳಿಕೊಂಡದ್ದು ಕಾನೂನಿನ ಭಾಷೆಯಲ್ಲಿ. "ನಿಂದೂ ಒಂಟಿ, ನಂದೂ ಒಂಟಿ. ಹೀಗೆ ಇಟ್ಕೊಳ್ಳೋದು ತಪ್ಪಲ್ವಾ, ರೆಗುಲಾ?" ಎಂದಿದ್ದ.

ಅವನು ಹೇಳಿದ್ದು ಇಬ್ಬರ ಮನೆಯ ಗಿನಿಪಿಗ್‌ಗಳ ವಿಷಯ. ಸ್ವಿಟ್ಜರ್ಲೆಂಡಿನಲ್ಲಿ ಗಿನಿಪಿಗ್ ಸಾಕುವವರು ಅದಕ್ಕೆ ಅದರದೇ ಜಾತಿಯ ಜೊತೆ ಕೊಡಲೇಬೇಕು. ಮನುಷ್ಯರು ಎಷ್ಟು ವರ್ಷ ಒಂಟಿಯಾಗಿದ್ದರೂ ಸರ್ಕಾರಕ್ಕೆ ಅಭ್ಯಂತರವಿಲ್ಲ. ರೆಗುಲಾಳ ಫ್ರಿಡುವಿನ ಜೊತೆಗಾರ ಚಳಿಗಾಲದಲ್ಲಿ ಸತ್ತಿತ್ತು, ವೆರ್ನರನ ಕೋಬಿಯ ಜೊತೆಗಾರ ಈಸ್ಟರ್ ಹೊತ್ತಿಗೆ. ಮೊಸರಿನ ಡಬ್ಬಿಯನ್ನೂ ಅದರ ಮುಚ್ಚಳವನ್ನೂ ಬೇರೆ ಬೇರೆ ತೊಳೆದು ಕಸಕ್ಕೆ ಹಾಕುವ ಹೆಂಗಸು ರೆಗುಲಾ. ಮನೆಯಲ್ಲೊಂದು ಅಕ್ರಮ ಪ್ರಾಣಿ ಇಟ್ಟುಕೊಂಡು ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಒಪ್ಪಿಕೊಂಡಳು. ಪ್ರೀತಿಯೂ ಇತ್ತು, ಆದರೆ ಅದನ್ನು ಕಾರಣವಾಗಿ ಕೊಡಲು ಇಬ್ಬರಿಗೂ ಸಂಕೋಚ.

ಹೀಗೆ ವೆರ್ನರ್ ಲಾಂಗೆಂಟಾಲಿನಿಂದ ಬುರ್ಗ್‌ಡೋರ್ಫಿನ ಅವಳ ಮನೆಗೆ ಒಂದು ಸೂಟ್‌ಕೇಸು, ಕಾಫಿ ಯಂತ್ರ ಮತ್ತು ಕೋಬಿಯೊಂದಿಗೆ ಬಂದ. ಲಾಂಗೆಂಟಾಲಿನ ಬಾಡಿಗೆ ಮನೆ ಮಾತ್ರ ಬಿಡಲಿಲ್ಲ. "ಇರ್ಲಿ ಬಿಡು, ಸದ್ಯಕ್ಕೆ" ಎಂದ. ಕೆಳಗೆ ಬೀದಿ ಬಾಗಿಲಿನ ಕರೆಗಂಟೆಯ ಪಕ್ಕ ಅವಳೊಬ್ಬಳ ಹೆಸರೇ ಇತ್ತು. ಆ 'ಸದ್ಯಕ್ಕೆ' ಎಂಬುದು ಯಾವಾಗ ಮುಗಿದೀತು, ಹೇಗೆ ಮುಗಿದೀತು ಎಂದು ರೆಗುಲಾ ಗಂಟೆಯ ಮುಂದೆ ಹಾದುಹೋದಾಗಲೆಲ್ಲ ಯೋಚಿಸುತ್ತಿದ್ದಳು.

ಎರಡು ಗಂಡು ಗಿನಿಪಿಗ್‌ಗಳಿಗೆಂದು ಅವಳು ಪಂಜರದೊಳಗೆ ಪುಟ್ಟ ಮರದ ಮನೆಯೊಂದನ್ನು ತಂದಿಟ್ಟಳು. ಇಳಿಜಾರು ಸೂರು, ಹಿಂಗೋಡೆಯ ಮೇಲೆ ಬಣ್ಣದ ಜೆರೇನಿಯಂ ಹೂ, ಮುಂದೆ ಒಂದೇ ಬಾಗಿಲು. ಒಂದೇ ಬಾಗಿಲಿದ್ದರೆ ಒಗ್ಗಟ್ಟು ಬೆಳೆಯುತ್ತದೆಂದು ಅವಳ ನಂಬಿಕೆ. ಅದೇ ನಂಬಿಕೆಯಿಂದ ವೆರ್ನರನಿಗೂ ಕೋಟು ತೂಗುಹಾಕಲು ಒಂದೇ ಕೊಕ್ಕೆ ಬಿಟ್ಟುಕೊಟ್ಟಿದ್ದಳು.

ಒಗ್ಗಟ್ಟು ಚೆನ್ನಾಗಿಯೇ ಬೆಳೆಯಿತು. ಫ್ರಿಡು ಬಾಗಿಲಲ್ಲಿ ನಿಂತು ಹಲ್ಲು ಕಟಕಟಿಸಿದರೆ, ಕೋಬಿ ಮೈಕೂದಲು ನಿಗುರಿಸಿ, ಹಳೆಯ ಫ್ರಿಜ್ಜಿನಂತೆ ಗುರುಗುಟ್ಟುತ್ತ ಹಿಂಭಾಗ ತೂಗಾಡಿಸುತ್ತಿತ್ತು. ಹಳೆಯ ವಾಸನೆ ಹೋಗಲೆಂದು ರೆಗುಲಾ ಪಂಜರವನ್ನು ವಿನೆಗರ್ ಹಾಕಿ ತೊಳೆದಳು. ಅವು ವಿನೆಗರ್ ವಾಸನೆಯಲ್ಲೇ ಜಗಳಾಡಿದವು. ಎರಡು ತಟ್ಟೆ ಇಟ್ಟಳು. ಎರಡಕ್ಕೂ ಒಂದೇ ತಟ್ಟೆ ಬೇಕಾಯಿತು. "ಅವೇ ಸರಿ ಮಾಡ್ಕೊಳ್ತವೆ" ಎಂದು ವೆರ್ನರ್ ಪತ್ರಿಕೆಯ ಹಿಂದಿನಿಂದ ಧೈರ್ಯ ಹೇಳಿದ.

ಕೆಳಮನೆಯ ಫ್ರಾವ್ ಬಿಗ್ಲರ್ ಮೆಟ್ಟಿಲಲ್ಲಿ ಸಿಕ್ಕಿ ಕೇಳಿದಳು: "ಮಧ್ಯಾಹ್ನ ಎಲ್ರೂ ಮಲಗೋ ಹೊತ್ತಲ್ಲಿ ನಿಮ್ಮನೇಲಿ ಯಾರೋ ಕಿರುಚ್ತಾರಲ್ಲ, ಪ್ರಾಣಿನಾ, ನೆಂಟ್ರಾ?"

"ಪ್ರಾಣಿ, ಫ್ರಾವ್ ಬಿಗ್ಲರ್."

"ಓ. ನೆಂಟ್ರು ಇನ್ನೂ ಇದಾರಾ ಹಾಗಾದ್ರೆ?"

ಭಾನುವಾರ, ಆಲೂಗಡ್ಡೆ ರೋಸ್ಟಿ ತಿಂದು ಮುಗಿಸುವಷ್ಟರಲ್ಲಿ ನಿಜವಾದ ಕಾಳಗವೇ ಶುರುವಾಯಿತು. ಕೋಬಿ ಮರದ ಮನೆಯ ಮೂಲೆಯಲ್ಲಿ ಸಿಕ್ಕಿಬಿದ್ದಿತ್ತು, ಫ್ರಿಡು ಬಾಗಿಲಿಗೆ ಅಡ್ಡ. ಕಾದಾಡುವ ಗಿನಿಪಿಗ್‌ಗಳ ನಡುವೆ ಬರಿಗೈ ಹಾಕಬಾರದು, ಟವೆಲ್ ಹೊದಿಸಬೇಕೆಂದು ಹಿಂದಿನ ವಾರವಷ್ಟೇ ವೆರ್ನರ್ ಅವಳಿಗೆ ಪಾಠ ಹೇಳಿದ್ದ. ಈಗ ಬರಿಗೈ ಹಾಕಿದ. ಫ್ರಿಡು ಅವನ ಬೆರಳನ್ನು ಕಚ್ಚಿ ಪಾಠವನ್ನು ಖಾತ್ರಿಪಡಿಸಿತು.

"ನೋಡು ನಿನ್ ಫ್ರಿಡು ಮಾಡಿದ್ದು!"

"ನಿನ್ ಕೋಬಿ ಕೆಣಕದೇ ಇದ್ರೆ ಅವನ್ಯಾಕೆ ಕಚ್ತಿದ್ದ?"

ವೆರ್ನರ್ ಬೆರಳಿಗೆ ಕರವಸ್ತ್ರ ಸುತ್ತಿಕೊಂಡ. "ಕೋಬಿನ ಕರ್ಕೊಂಡು ಲಾಂಗೆಂಟಾಲಿಗೆ ಹೋಗಿರ್ತೀನಿ. ಸ್ವಲ್ಪ ದಿನ."

"ಒಂಟಿಯಾಗಿ ಇಡೋ ಹಾಗಿಲ್ಲ."

"ನಾನಿರ್ತೀನಲ್ಲ ಜೊತೆಗೆ."

"ನೀನು ಲೆಕ್ಕಕ್ಕಿಲ್ಲ. ಅದರದೇ ಜಾತಿ ಇರ್ಬೇಕು."

ಕಾನೂನಿನ ಪ್ರಕಾರ ಮಾತು ನೂರಕ್ಕೆ ನೂರು ಸರಿ. ವೆರ್ನರ್ ಒಳಗೆ ಹೋಗಿ ಸೂಟ್‌ಕೇಸು ತೆಗೆದ.

ರೆಗುಲಾ ಟವೆಲಿನಲ್ಲಿ ಫ್ರಿಡುವನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಪಂಜರದ ಮುಂದೆ ಕುಳಿತಳು. ಕೋಬಿ ಇನ್ನೂ ಮೂಲೆಗೆ ಒತ್ತಿಕೊಂಡೇ ಇತ್ತು. ಒಳಗಿರುವವನಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಇರುವ ಒಂದೇ ದಾರಿಯಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಕಚ್ಚಾಟವಾಗದೆ ಇನ್ನೇನಾದೀತು? ಈ ಮರದ ಮನೆಯನ್ನು ತಂದದ್ದು ತಾನೇ. ಹೂವಿನ ಚಿತ್ರ ನೋಡಿ ಮರುಳಾಗಿ ತಂದದ್ದು. ಬೆಡ್‌ರೂಮಿನಿಂದ ಅಂಗಿ ಮಡಚುವ ಸದ್ದು ಬರುತ್ತಿತ್ತು.

ಅವಳು ಫ್ರಿಡುವನ್ನು ಬುಟ್ಟಿಯಲ್ಲಿಟ್ಟು ನೆಲಮಾಳಿಗೆಗೆ ಹೋಗಿ ಗರಗಸ ತಂದಳು. ಕೋಬಿಯನ್ನು ಪಂಜರದಲ್ಲೇ ಬಿಟ್ಟು ಮರದ ಮನೆಯನ್ನು ಹೊರಗೆತ್ತಿದಳು.

ಅಂದು ಭಾನುವಾರ ಎಂಬುದನ್ನು ಮರೆಯಬಾರದು. ಆ ಕಟ್ಟಡದಲ್ಲಿ ಭಾನುವಾರ ಬಟ್ಟೆ ಒಗೆಯುವುದಿಲ್ಲ, ಖಾಲಿ ಬಾಟಲಿ ಎಸೆಯುವುದಿಲ್ಲ, ಗೋಡೆಗೆ ಮೊಳೆ ಹೊಡೆಯುವುದಂತೂ ಕನಸಿನ ಮಾತು. ಮೇಲ್ಮನೆಯವರು ಒಂದು ಭಾನುವಾರ ಕಂಬಳಿ ಕೊಡವಿದ್ದಕ್ಕೆ ರೆಗುಲಾಳೇ ಅವರೊಂದಿಗೆ ಬಹುಕಾಲ ಮಾತು ಬಿಟ್ಟಿದ್ದಳು. ಈಗ ಅವಳ ಗರಗಸ ಕಟ್ಟಡಕ್ಕೆಲ್ಲ ಕೇಳುವಂತೆ ಕರ್ರೋ ಎಂದಿತು. ಕೆಳಗಿನಿಂದ ಪೊರಕೆಯ ಹಿಡಿ ಚಾವಣಿಗೆ ಬಡಿಯತೊಡಗಿತು.

ವೆರ್ನರ್ ಅರ್ಧ ಮಡಚಿದ ಅಂಗಿ ಹಿಡಿದು ಓಡಿ ಬಂದ. "ರೆಗುಲಾ! ಇವತ್ತು ಭಾನುವಾರ!"

"ಗೊತ್ತು. ಆ ಕಡೆ ಗಟ್ಟಿಯಾಗಿ ಹಿಡ್ಕೋ."

ಅವನು ಅಂಗಿಯನ್ನು ಕೆಳಗೆ ಹಾಕಿ ಹಿಡಿದುಕೊಂಡ. ಜೆರೇನಿಯಂ ಹೂವಿನ ನಟ್ಟನಡುವೆ ಎರಡನೆಯ ಬಾಗಿಲು ಬಂತು. ಸೊಟ್ಟಗೆ ಬಂತು. ಅವಳು ಅಂಚುಗಳಿಗೆ ಮರಳುಕಾಗದ ಉಜ್ಜಿ, ಮನೆಯನ್ನು ಮತ್ತೆ ಪಂಜರದೊಳಗಿಟ್ಟು, ಕೋಬಿ ಅದರೊಳಗೆ ಹೊಕ್ಕ ಮೇಲೆ ಫ್ರಿಡುವನ್ನು ಬಿಟ್ಟಳು.

ಫ್ರಿಡು ಮುಂಬಾಗಿಲಿನಿಂದ ನುಗ್ಗಿತು. ಕೋಬಿ ಹಿಂಬಾಗಿಲಿನಿಂದ ಹೊರಬಿತ್ತು. ಹಲ್ಲು ಕಟಕಟಿಸಿದವು, ಒಂದನ್ನೊಂದು ಬೈದುಕೊಂಡವು, ಆಮೇಲೆ ಎರಡು ತುದಿಗೆ ಹೋಗಿ ಹುಲ್ಲು ಅಗಿಯತೊಡಗಿದವು. ಇದನ್ನು ಸ್ನೇಹ ಎನ್ನಲು ರೆಗುಲಾಳಿಗೂ ಧೈರ್ಯವಿರಲಿಲ್ಲ. ಆದರೆ ಯಾರೂ ಕಚ್ಚಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ರೆಗುಲಾ ಗರಗಸವನ್ನು ಎತ್ತಿ ಬೆನ್ನ ಹಿಂದೆ ಅಡಗಿಸಿಕೊಂಡಳು. ವೆರ್ನರ್ ಅವಳ ಕೈಯಿಂದ ಗರಗಸ ಕಿತ್ತುಕೊಂಡು ಹೋಗಿ ಬಾಗಿಲು ತೆಗೆದ.

"ಸದ್ದು ಮಾಡಿದ್ದು ನಾನು, ಫ್ರಾವ್ ಬಿಗ್ಲರ್. ಕ್ಷಮಿಸಿ."

"ನೀವು ಅಂದ್ರೆ ಯಾರು? ಯಾರ ಮೇಲೆ ದೂರು ಕೊಡ್ಲಿ ನಾನು? ಕೆಳಗೆ ಗಂಟೆ ಹತ್ರ ನಿಮ್ ಹೆಸರೇ ಇಲ್ಲ!"

ವೆರ್ನರ್ ಒಮ್ಮೆ ಹಿಂತಿರುಗಿ ರೆಗುಲಾಳತ್ತ ನೋಡಿದ. "ನಾಳೆ ಇರುತ್ತೆ. ವೆರ್ನರ್ ಟಾನರ್."

"ನಾಳೆನೇ ಹಾಕಿ ಮತ್ತೆ. ಇವತ್ತು ಸ್ಕ್ರೂ ಗಿಕ್ರೂ ತಿರುಗಿಸೋಕೆ ಹೋಗ್ಬೇಡಿ" ಎಂದು ಆಕೆ ಇಳಿದುಹೋದಳು.

"ಲಾಂಗೆಂಟಾಲ್ ಮನೆ?" ರೆಗುಲಾ ಮೆಲ್ಲಗೆ ಕೇಳಿದಳು.

"ಬಿಡ್ತೀನಿ ಅಂತ ಹೇಳ್ಬೇಕು. ಅದಕ್ಕೂ ನಾಳೆ ತನಕ ಕಾಯ್ಬೇಕಲ್ಲ."

ರೆಗುಲಾ ನಡುಮನೆಗೆ ಹೋಗಿ ತನ್ನ ಕೋಟುಗಳನ್ನು ತೆಗೆದು ಇನ್ನೂ ಎರಡು ಕೊಕ್ಕೆ ಖಾಲಿ ಮಾಡಿದಳು, ಸ್ವಲ್ಪವೂ ಸದ್ದಾಗದ ಹಾಗೆ.