ಅಣ್ಣನ ಗೋರಿಯ ಕೆಳಗಿನ ಮೊಸಳೆ

ವಸಂತದ ಗುಡುಗು ಕೇಳಿದರೆ ನಮ್ಮ ಕೆರೆಯ ಮೊಸಳೆ ಕೂಗುವುದು ವಾಡಿಕೆ. ಆ ವರ್ಷ ಕೂಗು ಕೆರೆಯಿಂದ ಬರಲಿಲ್ಲ. ದಂಡೆಯ ದಿಬ್ಬದ ಮೇಲಿರುವ ನನ್ನ ದೊಡ್ಡಣ್ಣನ ಗೋರಿಯ ಅಡಿಯಿಂದ ಬಂತು.

ಹಿರಿಯರ ಗೋರಿ ಗುಡಿಸುವ ಛಿಂಗ್‌ಮಿಂಗ್ ಹಬ್ಬ ಆಗಷ್ಟೇ ಕಳೆದಿತ್ತು. ಅಣ್ಣನ ಹೆಂಡತಿ ಯಿನ್‌ದಿ ಅತ್ತಿಗೆ ಅಲ್ಲಿ ಬಿದಿರಿನ ಕಳಲೆ ಕೀಳುತ್ತಿದ್ದರು. ಅಣ್ಣತಮ್ಮಂದಿರಲ್ಲಿ ಮೂರನೆಯವನಾದ ನಾನು ಬುಟ್ಟಿ ಹಿಡಿದಿದ್ದೆ. ನೆಲ ಗುರ್ರೆಂದಿತು, ಬುಟ್ಟಿ ಕೈಜಾರಿತು.

"ಹೆದ್ರಬೇಡ ಕಣೋ ಮೂರನೆಯವ್ನೇ," ಎಂದರು ಅತ್ತಿಗೆ. "ನಿಮ್ಮಣ್ಣ ಇದ್ದಾಗ್ಲೂ ಹೀಗೇ ಗೊರಕೆ ಹೊಡೀತಿದ್ರು. ಪಕ್ಕದಲ್ಲಿ ಮಲಗಿದೋಳಿಗೆ ಗೊತ್ತು."

"ಅಣ್ಣ ಅಲ್ಲ ಅತ್ತಿಗೆ. ಮೊಸಳೆ."

ಹೇಳುತ್ತ ಹೇಳುತ್ತಲೇ ನಡೆದದ್ದೇನೆಂದು ನನಗೆ ಹೊಳೆಯಿತು. ನಮ್ಮ ಕಡೆಯ ಈ ಸಣ್ಣ ಜಾತಿಯ ಮೊಸಳೆ ಚಳಿಗಾಲವೆಲ್ಲ ಬಿಲದಲ್ಲಿ ಮಲಗುತ್ತದೆ. ಬಿಲದ ಬಾಯಿ ನೀರಂಚಿನಲ್ಲಿದ್ದರೂ ಒಳಗಿನ ದಾರಿ ದಿಬ್ಬದ ಅಡಿಯವರೆಗೂ ಹೋಗುತ್ತದೆ. ವರ್ಷದ ಕೊನೆಗೆ ಕೆರೆ ಬಸಿದು ಮೀನು ಹಂಚಿಕೊಳ್ಳುವುದು ನಮ್ಮ ಪದ್ಧತಿ. ಈ ಸಲ ಕೆರೆ ಬರಿದಾಗಿದ್ದಾಗಲೇ ಊರ ಮುಖ್ಯಸ್ಥ ವೆನ್‌ಬಿಂಗ್ ದಂಡೆಗೆ ಸುತ್ತಲೂ ಸಿಮೆಂಟು ಬಳಿಸಿದ್ದ. ಬಿಲದ ಬಾಯಿ ಕೆಸರು ಕುಸಿದು ಮುಚ್ಚಿಕೊಂಡಿತ್ತು. ಶರತ್ಕಾಲದಲ್ಲಿ ಯಾರೂ ಮೊಸಳೆಯನ್ನು ಕಂಡಿರಲಿಲ್ಲ, ಎಲ್ಲೋ ಹೊರಟುಹೋಯಿತೆಂದು ಊರೆಲ್ಲ ನಂಬಿತ್ತು. ಅದು ಒಳಗೆ ಮಲಗಿತ್ತು, ಈಗ ಎದ್ದಿತ್ತು. ಮುಂದೆ ಸಿಮೆಂಟು, ಮೇಲೆ ಅಣ್ಣನ ಗೋರಿಯ ಇಟ್ಟಿಗೆ, ಸುತ್ತ ಬಿದಿರಿನ ಬೇರು. ಗೋರಿಯ ಕಾಲ ಬಳಿ ಕೈ ತೂರುವಷ್ಟು ಒಂದು ಗಾಳಿಕಿಂಡಿ ಬಿಟ್ಟರೆ ಬೇರೆ ದಾರಿಯಿಲ್ಲ.

ವೆನ್‌ಬಿಂಗ್‌ಗೆ ಹೋಗಿ ಹೇಳಿದೆ.

"ಸಿಮೆಂಟು ಒಡೆಯೋದಾ ಚಿಕ್ಕಪ್ಪ? ಆ ಜಾಗ ಈಗ ನೀರಿನಡಿ ಐತೆ. ಕೆರೆ ಬಸಿಯದೆ ಆಗಲ್ಲ. ಬಸಿದ್ರೆ ಊರಿನ ಸಸಿಮಡಿಗೆಲ್ಲ ನೀವು ಉಚ್ಚೆ ಹೊಯ್ದು ನೀರುಣಿಸ್ತೀರಾ?"

"ಮೊಸಳೆ ಸಂರಕ್ಷಣೆ ಕೇಂದ್ರದೋರಿಗೆ ಹೇಳಿದ್ರೆ?"

"ಎತ್ಕೊಂಡು ಹೋಗಿ ತಂತಿಬೇಲಿ ಒಳಗೆ ಹಾಕ್ತಾರೆ. ಅಲ್ಲಿಂದ ವಾಪಸ್ ಬಂದಿದ್ದನ್ನ ನೀವು ನೋಡಿದ್ದೀರಾ? ಅವರಾದ್ರೂ ಅಗೀಬೇಕಾಗಿರೋದು ನಿಮ್ಮಣ್ಣನ ಗೋರೀನೇ."

ಛಿಂಗ್‌ಮಿಂಗ್ ಕಳೆದ ಮೇಲೆ ಗೋರಿಗೆ ಗುದ್ದಲಿ ಹಾಕಬಾರದು. ಹಾಕಿದರೆ ಸತ್ತವರ ನಿದ್ದೆಯೂ ಕೆಡುತ್ತದೆ, ಇದ್ದವರ ಮನೆಯೂ ಕೆಡುತ್ತದೆ. ಅತ್ತಿಗೆಯ ಮೊಮ್ಮಗಳು ಚೊಚ್ಚಲ ಬಸುರಿ. ಯಾವ ಬಾಯಲ್ಲಿ ಕೇಳಲಿ?

ದಿನಾ ಹೋಗಿ ಕಿಂಡಿಯೊಳಗೆ ಬಸವನಹುಳು, ಸಣ್ಣ ಮೀನು ಬಿಡುತ್ತಿದ್ದೆ. ಮಾರನೆಯ ದಿನ ಅವು ಅಲ್ಲೇ ನಾರುತ್ತಿದ್ದವು. ಕಿವಿಯಿಟ್ಟರೆ ಇಟ್ಟಿಗೆಯ ಮೇಲೆ ಉಗುರು ಕೆರೆಯುವ ಸದ್ದು. ಗುಡುಗಿದಾಗಲೆಲ್ಲ ಕೂಗುತ್ತಿತ್ತು, ಕೂಗು ಸಲದಿಂದ ಸಲಕ್ಕೆ ಸಣ್ಣಗಾಗುತ್ತಿತ್ತು. ನಾನು ಚಿಕ್ಕವನಿದ್ದಾಗ ಒಂದು ಕೂಗಿದರೆ ಕಣಿವೆಯ ಕೆರೆಗಳೆಲ್ಲ ಓಗೊಡುತ್ತಿದ್ದವು. ಈಗ ಓಗೊಡಲು ಯಾವುದೂ ಉಳಿದಿರಲಿಲ್ಲ.

ಒಂದು ಬೆಳಿಗ್ಗೆ ಅತ್ತಿಗೆಯೇ ಗುದ್ದಲಿ ಹೊತ್ತು ಬಂದರು.

"ನಿನ್ನ ಬಾಯಿಗೂ ವೆನ್‌ಬಿಂಗ್ ಸಿಮೆಂಟು ಬಳಿದ್ನಾ? ಅಗೀಲಾ ಅಂತ ಕೇಳೋಕೆ ಇಷ್ಟು ದಿನ ಬೇಕಾ?"

"ಮನೇಲಿ ಬಸುರಿ ಇದ್ದಾಳೆ ಅತ್ತಿಗೆ..."

"ಅದಕ್ಕೇ ಹೇಳ್ತಿರೋದು. ಇಲ್ಲೊಂದು ಜೀವ ನೆಲದೊಳಗೆ ಉಗುರು ಸವೆಸ್ತಾ ಇರುವಾಗ ನಾನು ಕೂತು ಮರಿಮಗೂಗೆ ಟೋಪಿ ಹೊಲೀಲಾ? ತಗೋ. ಇಟ್ಟಿಗೆಗೆ ಏಟು ಬೀಳದ ಹಾಗೆ ಅಗಿ."

ಊದುಬತ್ತಿ ಹಚ್ಚಿ ಗೋರಿಗೆ ತಲೆಬಾಗಿದರು. "ಏನ್ರೀ, ಒಂಚೂರು ಸರ್ಕೊಳ್ಳಿ. ಅಭ್ಯಾಸ ಇಲ್ಲ ನಿಮ್ಗೆ, ಗೊತ್ತು. ಹಾಸಿಗೇಲೂ ಸರೀತಿರಲಿಲ್ಲ."

ಕಿಂಡಿಯ ಕಡೆಯಿಂದ ಅಗೆದೆ. ಬೇರು ಕಡಿದು ದಾರಿ ಬಿಡುತ್ತಲೇ ಮೊದಲು ಎರಡು ನೆಲಗಪ್ಪೆ ಹೊರಬಂದವು, ಮೈತುಂಬ ಧೂಳು. ಹಿಂದೆಯೇ ಒಂದು ಆಮೆ. ಆಮೇಲೆ ಬೆರಳುಗಾತ್ರದ ಹಾವೊಂದು ನನ್ನ ಪಾದದ ಮೇಲೇ ಹರಿದುಹೋಯಿತು. ಮೊಸಳೆಯ ಬಿಲದಲ್ಲಿ ಇವೆಲ್ಲ ಚಳಿಗಾಲ ಕಳೆಯುವುದು ಹಿಂದಿನಿಂದಲೂ ಉಂಟು.

"ನೋಡು, ನನಗೆ ಹೇಳ್ದೆ ಛತ್ರ ನಡೆಸ್ತಿದ್ರು ನಿಮ್ಮಣ್ಣ!" ಎಂದರು ಅತ್ತಿಗೆ.

ಕೊನೆಗೆ ಮೂತಿ ಕಂಡಿತು. ಉಗುರು ಮುರಿದಿದ್ದವು. ಬಾಲದ ಬುಡ ಬತ್ತಿಹೋಗಿತ್ತು. ಹೆಣ್ಣು ಮೊಸಳೆ. ಬಿಸಿಲಲ್ಲಿ ಬಹಳ ಹೊತ್ತು ಸತ್ತಂತೆ ಬಿದ್ದಿತ್ತು. ನಾವು ದೂರ ಕೂತು ನೋಡಿದೆವು. ಮಧ್ಯಾಹ್ನ ಎದ್ದು, ತೆವಳುತ್ತ ಇಳಿದು, ಸಿಮೆಂಟಿನ ಮೇಲೆ ಜಾರಿ ಕೆರೆಗೆ ಬಿತ್ತು. ಅತ್ತಿಗೆ ಕಣ್ಣೊರೆಸಿಕೊಂಡರು.

ಮರುದಿನ ಹೋಗಿ ನೋಡಿದರೆ ಅದು ದಂಡೆಗುಂಟ ಸುತ್ತುತ್ತಿತ್ತು. ಮುಂಗಾಲು ಸಿಮೆಂಟಿಗೆ ಇಡುವುದು, ಜಾರುವುದು, ಮುಂದೆ ಹೋಗಿ ಮತ್ತೆ ಇಡುವುದು. ದಂಡೆ ಕಡಿದಾಗಿತ್ತು, ನುಣ್ಣಗಿತ್ತು.

"ನೀರೈತೆ, ಮೀನೈತೆ, ಇನ್ನೇನಂತೆ ಅದಕ್ಕೆ?" ಎಂದು ವೆನ್‌ಬಿಂಗ್ ನಕ್ಕ.

ಬಿಸಿಲು ಕಾಯಲು ನೆಲವಿಲ್ಲ. ಮೊಟ್ಟೆಯಿಡಲು ಹುಲ್ಲಿಲ್ಲ. ಚಳಿ ಬಂದರೆ ಹೊಗಲು ಬಿಲವಿಲ್ಲ. ಸಣ್ಣ ಸೆರೆಯಿಂದ ತೆಗೆದು ದೊಡ್ಡ ಸೆರೆಗೆ ಹಾಕಿದಂತಾಗಿತ್ತು.

ಅತ್ತಿಗೆ ದಿಬ್ಬ ಹತ್ತಿ, ಅಗೆದು ಹಾಕಿದ್ದ ಮಣ್ಣನ್ನು ಬುಟ್ಟಿಗೆ ತುಂಬತೊಡಗಿದರು.

"ಅತ್ತಿಗೆ, ಗೋರಿ ಮಣ್ಣು ಬೇರೆ ಕಡೆ ಹಾಕಬಾರದು..."

"ಬಾಯಿ ಮುಚ್ಕೊಂಡು ಹೊರು."

ಹೆಗಲ ಅಡ್ಡೆಯಲ್ಲಿ ಹೊತ್ತು ತಂದು ಸಿಮೆಂಟಿನ ಮೇಲೆ ಸುರಿದೆವು. ಅರ್ಧ ನೀರಲ್ಲಿ ಕರಗಿತು. ಸಂಜೆಯ ಹೊತ್ತಿಗೆ ನಾಲಿಗೆ ಚಾಚಿದಂತೆ ಒಂದಿಷ್ಟು ಮಣ್ಣು ನಿಂತಿತು. ಮೊಸಳೆ ಬಂತು, ಕಾಲಿಟ್ಟಿತು, ಎದೆ ಊರಿತು. ಮಣ್ಣು ಕುಸಿಯಿತು. ಮಣ್ಣಿನ ಜೊತೆಗೇ ಅದೂ ಜಾರಿತು.

ಅಗೆದ ಮಣ್ಣು ಮುಗಿದಿತ್ತು. ಅತ್ತಿಗೆ ಒಂದು ಮಗ್ಗುಲು ಕುಸಿದ ಗೋರಿಯ ಕಡೆ ತಿರುಗಿ ಗುದ್ದಲಿಯನ್ನು ನನ್ನ ಕೈಗಿಟ್ಟರು.

"ತಲೆ ಕಡೆಯಿಂದ ಮಣ್ಣು ತೆಗಿ," ಎಂದರು.