ಸಂಜೆಯ ಎರಡೂವರೆ ಇಂಚು

ಇಪ್ಪತ್ತೆರಡು ವರ್ಷದಿಂದ ಕತ್ತರಿ ಹಿಡಿದಿದ್ದೇನೆ. ನನ್ನ ಅಳತೆ ತಪ್ಪಿದೆ ಎಂದು ಯಾರಾದರೂ ಅಂದರೆ ಮೈಯೆಲ್ಲ ಉರಿಯುತ್ತದೆ. ಅಂದವರು ಅಣ್ಣನ ಹೆಂಡತಿಯಾದರೂ ಅಷ್ಟೇ.

ಅತ್ತಿಗೆ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಗಾಡಿ ಎಷ್ಟು ಹೊತ್ತಿಗೆ, ಎಷ್ಟನೇ ಪ್ಲಾಟ್‌ಫಾರ್ಮಿಗೆ ಎಂದು ಹೇಳುವವರು. ಬಡ್ತಿ ಸಿಕ್ಕಿತೆಂದು ಹೊಸ ನೀಲಿ ಕೋಟನ್ನು ನಾನೇ ಹೊಲಿದುಕೊಟ್ಟೆ. ಮೂರನೇ ದಿನ ಸಂಜೆ ಬಂದವರೇ ಅದನ್ನು ಮೇಜಿನ ಮೇಲೆ ಎಸೆದರು.

“ಏನೇ ಹೊಲಿದಿದ್ದೀಯ ಇದು? ಸಂಜೆ ಹೊತ್ತಿಗೆ ಗುಂಡಿ ಹಾಕೋಕಾಗಲ್ಲ, ಉಸಿರು ಕಟ್ಟುತ್ತೆ.”

ಅಂಗಡಿಯಲ್ಲಿದ್ದ ನಾಲ್ಕು ಗಿರಾಕಿಗಳ ಕಿವಿ ನೆಟ್ಟಗಾಯಿತು. ಹಲ್ಲು ಕಚ್ಚಿಕೊಂಡು ಸೊಂಟಕ್ಕೆ ಟೇಪು ಸುತ್ತಿದೆ. ಪುಸ್ತಕದಲ್ಲಿ ಮೂವತ್ತೆರಡು ಎಂದು ಬರೆದಿದ್ದೆ, ಈಗ ಮೂವತ್ನಾಲ್ಕೂವರೆ! ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟೆ. ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೋಗುತ್ತಾ ಮತ್ತೆ ಬಂದರು. ಈಗ ಕೋಟು ಜೋಲಾಡುತ್ತಿತ್ತು.

“ಬೆಳಿಗ್ಗೆ ದೊಗಲೆ, ಸಂಜೆ ಬಿಗಿ. ‘ಅಳತೆಗೆ ಹೆಸರಾದ ಅಂಗಡಿ’ ಅಂತೆ! ಇಳಿಸಿಬಿಡು ಆ ಬೋರ್ಡನ್ನ.”

ಬೋರ್ಡಿನ ಸುದ್ದಿಗೆ ಬಂದರೆ ನಾನು ಸುಮ್ಮನಿರುವವಳಲ್ಲ. “ಅತ್ತಿಗೆ, ಹತ್ತು ದಿನ, ಎರಡೂ ಹೊತ್ತು ಬನ್ನಿ. ತಪ್ಪು ಯಾರದು ಅಂತ ಟೇಪೇ ಹೇಳಲಿ,” ಎಂದೆ.

ಅವರು ಹಠಕ್ಕೆ ಬಿದ್ದು ಬಂದರು, ನಾನು ಹಠಕ್ಕೆ ಬಿದ್ದು ಅಳೆದೆ. ಬೆಳಿಗ್ಗೆ ಮೂವತ್ತೆರಡು, ಸಂಜೆ ಮೂವತ್ನಾಲ್ಕೂವರೆ, ಮತ್ತೆ ಬೆಳಿಗ್ಗೆ ಮೂವತ್ತೆರಡು. ವಾರದ ರಜೆಯ ದಿನ ಮಾತ್ರ ಸಂಜೆಯೂ ಮೂವತ್ತೆರಡೂಕಾಲು.

ಹತ್ತನೇ ಸಂಜೆ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಟೇಪು ಸುತ್ತುವಾಗ ಅತ್ತಿಗೆಯ ಹೊಟ್ಟೆ ಗುಡುಗುಡು ಅಂದಿತು. ನಾನು ಕಿಸಕ್ಕನೆ ನಕ್ಕೆ. ಅವರು ಅಳತೆ ಕೋಣೆಯ ಪರದೆ ಹಿಡಿದುಕೊಂಡು ಅತ್ತುಬಿಟ್ಟರು.

“ಒಳಗೆ ಏನೋ ಗಡ್ಡೆ ಬೆಳೀತಿದೆ ಕಣೇ. ನಿಮ್ಮಣ್ಣನಿಗೂ ಹೇಳಿಲ್ಲ. ಕೋಟೇ ಸರಿಯಿಲ್ಲ ಅಂತ ನೀನು ಒಪ್ಪಿಕೊಂಡಿದ್ರೆ ಸಾಕಿತ್ತು.”

ನನ್ನ ಸಿಟ್ಟು ಜರ್ರನೆ ಇಳಿಯಿತು. ಪಾಪ, ತಪ್ಪು ನನ್ನದೇ ಆಗಿರಲಿ ಎಂದು ಇಷ್ಟು ದಿನ ಒಳಗೊಳಗೇ ಬೇಡಿಕೊಳ್ಳುತ್ತಿದ್ದರು! ಪುಸ್ತಕ ತೆಗೆದು ಅವರ ಮುಂದೆ ಹಿಡಿದೆ.

“ಇಲ್ಲಿ ನೋಡಿ ಅತ್ತಿಗೆ. ಗಡ್ಡೆ ದಿನಾ ಬೆಳಿಗ್ಗೆ ಎರಡೂವರೆ ಇಂಚು ಇಳಿದು, ವಾರಕ್ಕೊಂದು ದಿನ ರಜಾನೂ ಹಾಕುತ್ತಾ?”

ಆದರೂ ನಾನು ದರ್ಜಿ, ಡಾಕ್ಟರಲ್ಲ. ಮರುದಿನ ಅಂಗಡಿಗೆ ಬೀಗ ಜಡಿದು, ಪುಸ್ತಕದ ಸಮೇತ ಅವರನ್ನು ಡಾಕ್ಟರಮ್ಮನ ಬಳಿ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿಸಿದರು, ನನ್ನ ಪುಸ್ತಕವನ್ನೂ ಓದಿದರು.

“ಗಡ್ಡೆ ಗಿಡ್ಡೆ ಏನೂ ಇಲ್ಲಮ್ಮ. ಡ್ಯೂಟೀಲಿ ಊಟ ಹೇಗೆ ಮಾಡ್ತೀರ?”

“ಎರಡು ಗಾಡಿ ಮಧ್ಯೆ ಏಳು ನಿಮಿಷ. ತುತ್ತು ಬಾಯಲ್ಲಿದ್ದಾಗಲೇ ಮೈಕು. ಗಂಟಲಿಗೆ ಅಂತ ಸೋಡಾ, ಬಾಯಿ ಒಣಗಬಾರದು ಅಂತ ಚ್ಯೂಯಿಂಗ್ ಗಮ್,” ಎಂದರು ಅತ್ತಿಗೆ.

“ಅನ್ನದ ಜೊತೆ ಗಾಳೀನೂ ನುಂಗ್ತಿದ್ದೀರ. ಸ್ವಲ್ಪ ತೇಗಾಗಿ ಹೋಗುತ್ತೆ, ಉಳಿದದ್ದು ಕರುಳಿಗೆ ಇಳಿಯುತ್ತೆ. ಊಟದಿಂದ ಅಲ್ಲೇ ಹುಟ್ಟೋ ಗಾಳೀನೂ ಸೇರ್ಕೊಳ್ಳುತ್ತೆ. ಅದು ಎಲ್ಲರಿಗೂ ಇರೋದೇ, ದಿನಕ್ಕೆ ಹತ್ತಾರು ಸಲ ಹೊರಗೆ ಹೋಗಲೇಬೇಕು. ನೀವು ತಡ್ಕೊಂಡು ಕೂತಿರ್ತೀರೇನೋ?”

“ಮೈಕ್ ಮುಂದೆ ಹೇಗೆ ಬಿಡ್ಲಿ ಡಾಕ್ಟ್ರೇ? ಊರಿಗೆಲ್ಲ ಕೇಳ್ಸುತ್ತೆ!”

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮನೆಗೆ ಹೋಗಿ ಅತ್ತಿಗೆ ಅಣ್ಣನಿಗೂ ಎಲ್ಲವನ್ನೂ ಹೇಳಿದರು.

ಸೋಡಾ, ಗಮ್ಮು ನಿಂತವು. ಊಟದ ಅರ್ಧ ಗಂಟೆ ಮೈಕು ಜೊತೆಯವಳ ಪಾಲಾಯಿತು. ಅತ್ತಿಗೆ ಬಾಯಿ ಮುಚ್ಚಿ ನಿಧಾನ ಅಗಿದು, ಆಮೇಲೆ ಪ್ಲಾಟ್‌ಫಾರ್ಮಿನ ತುದಿವರೆಗೆ ನಡೆಯತೊಡಗಿದರು. ಅಲ್ಲಿ ಗೂಡ್ಸ್ ಗಾಡಿಯ ಸದ್ದಿನಲ್ಲಿ ತಡೆದುಕೊಳ್ಳುವುದನ್ನೂ ಬಿಟ್ಟರು.

ಮೂರು ವಾರ ಕಳೆಯಿತು. ಸಂಜೆ ಐದೂವರೆ, ಅಂಗಡಿ ತುಂಬ ಜನ. ಮತ್ತೆ ಮೂವತ್ತೆರಡಕ್ಕೆ ಹಿಡಿದು ಹೊಲಿದ ಕೋಟನ್ನು ತೊಟ್ಟು ಅತ್ತಿಗೆ ಕನ್ನಡಿಯ ಮುಂದೆ ನಿಂತರು. ಒಂದು, ಎರಡು, ಮೂರು, ನಾಲ್ಕು. ಗುಂಡಿಗಳೆಲ್ಲ ಸಲೀಸಾಗಿ ಕೂತವು. ನನಗೆ ಕುಣಿಯಬೇಕು ಅನ್ನಿಸಿತು. ಅತ್ತಿಗೆ ಗಿರಾಕಿಗಳ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡು ನಿಲ್ದಾಣದ ದನಿ ತೆಗೆದರು.

“ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ಈ ಅಂಗಡಿಯ ಅಳತೆ ಸರಿಯಾಗಿದೆ. ತಡವಾಗಿ ತಿಳಿಸಿದ್ದಕ್ಕೆ ವಿಷಾದಿಸುತ್ತೇವೆ.”